ಆರು ವಾರದ ಹಾಸಿಗೆ

ಯಮನೂರು
28-11-1983

ಪ್ರೀತಿಯ ಮಲ್ಲಕ್ಕ,

ನಾನು ಶಹನಾಜ. ಹುಬ್ಬಳ್ಳಿ ದವಾಖಾನೆಯ ಗಂಟಲಮಾರಿ ವಾರ್ಡಿನಲ್ಲಿ ನಿನ್ನ ಮಗ್ಗುಲ ಮಂಚದವಳು. ನೀನು ಇಷ್ಟು ಬೇಗ ಮರೆತಿರಲಾರೆ. ಹದಿನೈದು ದಿನ ಒಂದೇ ಲೋಟದಲ್ಲಿ ಚಹಾ ಕುಡಿದಿದ್ದೇವೆ. "ನನಗ ರೀ ಹಚ್ಚಬ್ಯಾಡ, ನಾ ಏನ್ ನಿಮ್ಮ ಸಾಲಿ ಬಾಯೋರಲ್ಲ" ಎಂದು ನೀನೇ ಬೈದಿದ್ದೆ. ಅದಕ್ಕೇ ನೀನು ಎಂದೇ ಬರೆಯುತ್ತಿದ್ದೇನೆ.

ನೀವು ಹೋದ ಎರಡು ದಿನಕ್ಕೆ ನಮ್ಮನ್ನೂ ಮನೆಗೆ ಬಿಟ್ಟರು. ನಿನ್ನ ನೀಲಾ ಮನೆಗೆ ಹೋದ ಮೇಲೆ ನನ್ನ ಜೈತುನ್ ಆ ಖಾಲಿ ಮಂಚದ ಕಡೆಗೇ ತಿರುಗಿ ಮಲಗುತ್ತಿದ್ದಳು. ಬೇರೆ ಯಾವುದೋ ಊರಿನ ಮಗುವನ್ನು ಅಲ್ಲಿ ಹಾಕಲು ಬಂದರೆ, "ಅದು ನೀಲಾನ ಜಾಗಾ" ಎಂದು ಜಗಳ ತೆಗೆದಳು. ಆಗ ಅವಳ ಗಂಟಲಿನಿಂದ ಪೂರ್ತಿ ದನಿಯೂ ಹೊರಡುತ್ತಿರಲಿಲ್ಲ.

ಉಸಿರಾಡಲೆಂದು ಕೊರೆದಿದ್ದ ತೂತು ಈಗ ಮುಚ್ಚಿದೆ. ಕೊರಳಲ್ಲಿ ಅವರೆಕಾಳಿನಷ್ಟು ಕಲೆ ಉಳಿದಿದೆ. ಅದನ್ನು ಕಂಡಾಗಲೆಲ್ಲ ಆ ಮಧ್ಯಾಹ್ನ ನೆನಪಾಗುತ್ತದೆ. ಒಳಗೆ ಅವಳ ಕುತ್ತಿಗೆ ಕೊಯ್ಯುತ್ತಿದ್ದರು. ನಾನು ವರಾಂಡದಲ್ಲಿ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದೆ. ನಿನಗೆ ನಿನ್ನ ಮಗಳ ಚಿಂತೆಯೇ ಸಾಕಾಗಿತ್ತು. ಆದರೂ ಬಂದು ನನ್ನ ಕೈ ಹಿಡಿದು ಕುಳಿತೆ. "ನನ್ನ ನೀಲಾಂದು ಹಗರ ಐತಿ ತಂಗಿ. ನಿನ್ನ ಮಗಳನ್ನ ನಾ ನೋಡಕೋತೀನಿ, ನೀ ಒಂದು ತಾಸು ಅಡ್ಡಾಗು" ಎಂದೆ. ಒಡಹುಟ್ಟಿದ ಅಕ್ಕನೂ ಅಷ್ಟು ಮಾಡುತ್ತಿರಲಿಲ್ಲ.

ಬಿಡುವಾಗ ಡಾಕ್ಟರು ನಿನಗೆ ಹೇಳಿದ್ದನ್ನೇ ನನಗೂ ಹೇಳಿದರು. ಗಂಟಲಿನ ಬೇನೆ ಹೋದರೂ ಅದರ ವಿಷ ಗುಂಡಿಗೆಯಲ್ಲಿ ಕೂತಿರುತ್ತದಂತೆ, ಆರು ವಾರ ಹಾಸಿಗೆ ಬಿಟ್ಟು ಏಳಿಸಬಾರದಂತೆ. ಹೌದ್ರಿ ಎಂದು ತಲೆ ಅಲ್ಲಾಡಿಸಿ ಬಂದೆ. ಆದರೆ ಗಟ್ಟಿಮುಟ್ಟಾಗಿ ಓಡಾಡುವ ಹುಡುಗಿಯನ್ನು ಆರು ವಾರ ಹೇಗೆ ಮಲಗಿಸುವುದು? ನಿನ್ನ ನೀಲಾ ಶಾಂತ ಸ್ವಭಾವದವಳು, ಮಲಗಿಯಾಳು. ನನ್ನವಳು ಕುದುರೆ. ನಮ್ಮ ಅತ್ತೆ ಅಮೀರಬಿಯಂತೂ, "ಹಂಗ ಮಲಗಿಸಿದ್ರ ಕಾಲು ಸೊಟ್ಟ ಅಕ್ಕಾವು" ಎನ್ನುತ್ತಾರೆ.

ಇನ್ನೊಂದು ಮಾತಿದೆ. ನಮ್ಮ ಓಣಿಯವರು ನಮ್ಮ ಹೊಸ್ತಿಲು ತುಳಿಯುತ್ತಿಲ್ಲ. ಜೈತುನ್ ಬಾಗಿಲಿಗೆ ಬಂದರೆ ಎದುರು ಮನೆಯವರು ತಮ್ಮ ಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತಾರೆ. ಅವಳು ಎದ್ದು ಸಾಲಿಗೆ ಹೋಗುವುದನ್ನು ಎಲ್ಲರೂ ನೋಡಲಿ, ಬೇನೆ ಹೋಯಿತು ಎಂದು ತಿಳಿಯಲಿ ಎಂದು ಬರುವ ಸೋಮವಾರದಿಂದ ಕಳಿಸುತ್ತೇನೆ.

ನೀಲಾ ಹೇಗಿದ್ದಾಳೆ? ನಿನ್ನ ಸಣ್ಣ ಮಗಳು ಗಂಗಿ ತನ್ನ ಅಕ್ಕನನ್ನು ಗುರುತು ಹಿಡಿದಳೇ? ಬೇಗ ಬರೆ. ಚಳಿ ಕಳೆದ ಮೇಲೆ ನೀಲಾನನ್ನು ಕರೆದುಕೊಂಡು ನಮ್ಮೂರ ದರ್ಗಾಕ್ಕೆ ಬಾ. ಹರಕೆಯ ಸಕ್ಕರೆ ಓದಿಸಿ ಹಂಚೋಣ.

ನಿನ್ನ ತಂಗಿ
ಶಹನಾಜ


(ಕಾರ್ಡು)
ಯರಗುಪ್ಪಿ
9-12-1983

ಶಹನಾಜಳಿಗೆ,

ನಿನ್ನ ಪತ್ರ ತಲುಪಿದೆ. ಜೈತುನ್‌ಳನ್ನು ಸಾಲಿಗೆ ಕಳಿಸಬೇಡ. ಆಟಕ್ಕೆ ಬಿಡಬೇಡ. ನೀರಿಗೆ, ಅಂಗಡಿಗೆ, ಯಾವ ಕೆಲಸಕ್ಕೂ ಎಬ್ಬಿಸಬೇಡ. ಬಹಿರ್ದೆಸೆಗೂ ಎತ್ತಿಕೊಂಡೇ ಹೋಗು. ಡಾಕ್ಟರು ಹೇಳಿದ ಆರು ವಾರದಲ್ಲಿ ಒಂದು ದಿನವೂ ಕಡಿಮೆ ಆಗಬಾರದು. ಜನ ಏನಾದರೂ ಅನ್ನಲಿ. ಅತ್ತೆಯ ಮಾತು ಕೇಳಬೇಡ.

ಇದರ ಮೇಲೆ ನನ್ನನ್ನು ಏನೂ ಕೇಳಬೇಡ.

ಮಲ್ಲಕ್ಕ


ಯಮನೂರು
15-12-1983

ಶ್ರೀಮತಿ ಮಲ್ಲಕ್ಕ ಅವರಿಗೆ,

ನಿಮ್ಮ ಕಾರ್ಡು ಬಂತು. ಪೋಸ್ಟಿನವನು ಊರ ಕಟ್ಟೆಯ ಮೇಲೆಯೇ ಓದಿ, ನಂತರ ನನ್ನ ಕೈಗೆ ಕೊಟ್ಟ. "ಯಾರವ್ವಾ ಈ ಸಾಹೇಬರು, ಹುಕುಮ್ ಕಳಿಸ್ಯಾರಲ್ಲ" ಎಂದು ನಕ್ಕ. ಅತ್ತೆಯ ಮಾತು ಕೇಳಬೇಡ ಎಂದು ಬರೆದದ್ದೂ ಅತ್ತೆಯ ಕಿವಿಗೆ ಬಿತ್ತು.

ನಾನು ನಾಲ್ಕು ಪುಟ ಬರೆದಿದ್ದೆ. ನೀವು ಅದರಲ್ಲಿ ಒಂದು ಮಾತಿಗೂ ಉತ್ತರ ಕೊಟ್ಟಿಲ್ಲ. ನಾವೆಲ್ಲ ಚೆನ್ನಾಗಿದ್ದೇವೆ ಎಂದು ಹಗೆಯವರೂ ಬರೆಯುತ್ತಾರೆ, ನೀವು ಅದನ್ನೂ ಬರೆದಿಲ್ಲ. ನೀಲಾಳ ಹೆಸರೂ ಇಲ್ಲ. ನನ್ನನ್ನು ಏನೂ ಕೇಳಬೇಡ ಎಂದಿದ್ದೀರಿ. ಸರಿ.

ನಾನು ತಿಳಿಯದವಳಲ್ಲ. ನಮ್ಮ ಅಬ್ಬಾ ಮೂವತ್ತು ವರ್ಷ ಕನ್ನಡ ಸಾಲಿಯ ಮಾಸ್ತರರಾಗಿದ್ದವರು. ದವಾಖಾನೆಯಲ್ಲಿ ಎಲ್ಲರ ಜಾತಿಯೂ ಒಂದೇ ಆಗಿರುತ್ತದೆ, ಊರಿಗೆ ಬಂದ ಮೇಲೆ ಮನೆಯವರು ಕೇಳುತ್ತಾರೆ. ಯಮನೂರಿನಿಂದ ಯಾವ ಮುಸಲರಾಕಿ ಕಾಗದ ಬರೆದಳು ಎಂದು ನಿಮ್ಮ ಅತ್ತೆ ಕೇಳಿರಬಹುದು. ಹಾಗಿದ್ದರೆ ನೇರವಾಗಿ ಬರೆದುಬಿಡಿ, ನಾನು ಬೇಸರ ಮಾಡಿಕೊಳ್ಳುವುದಿಲ್ಲ. ಆದರೆ ನನ್ನ ಮಗಳನ್ನು ಹೇಗೆ ಸಾಕಬೇಕೆಂದು ಕಾರ್ಡಿನಲ್ಲಿ ಕಲಿಸಬೇಡಿ.

ಜೈತುನ್ ಹತ್ತು ದಿನದಿಂದ ಸಾಲಿಗೆ ಹೋಗುತ್ತಿದ್ದಾಳೆ. ಅವಳನ್ನು ಹೊರಗಡೆ ಬೇರೆ ಕೂರಿಸುತ್ತಾರೆ, ಆದರೂ ಹೋಗುತ್ತಾಳೆ. ಎಲ್ಲ ರೀತಿಯಿಂದಲೂ ಆರಾಮ ಇದ್ದಾಳೆ.

ಅವಳ ಹಟಕ್ಕೆ ಅವಳು ಬರೆದ ಚೀಟಿಯನ್ನು ಇದರೊಳಗೆ ಇಟ್ಟಿದ್ದೇನೆ. ನೀಲಾಗೆ ಕೊಡುವುದು ಬಿಡುವುದು ನಿಮಗೆ ಸೇರಿದ್ದು.

ಶಹನಾಜ

(ಒಳಗಿನ ಚೀಟಿ)
ನೀಲಾ, ನಾನು ಸಾಲಿಗೆ ಹೋಗತೇನಿ. ನೀ ಹೋಗತಿ ಏನು? ನನ್ನ ಕಲೆ ಸಣ್ಣ ಆಗೇದ. ಕಾಗದ ಬರಿ. ಜೈತುನ್.


ಯರಗುಪ್ಪಿ
21-12-1983

ಶಹನಾಜ,

ನೀಲಾ ಇಲ್ಲ.

ನಿನ್ನ ಮೊದಲ ಪತ್ರ ಬಂದದ್ದು ಡಿಸೆಂಬರ್ ಎರಡಕ್ಕೆ. ಅವಳು ಹೋದದ್ದು ಹಿಂದಿನ ದಿನ, ಗುರುವಾರ ಬೆಳಿಗ್ಗೆ. ಅವಳನ್ನು ಮಣ್ಣು ಮಾಡಿ ಬಂದು ಜನ ಇನ್ನೂ ಅಂಗಳದಲ್ಲಿ ಕುಳಿತಿದ್ದರು. ಆಗ ನಿನ್ನ ಪತ್ರ ನನ್ನ ಕೈಗೆ ಬಂತು. ನೀಲಾ ಹೇಗಿದ್ದಾಳೆ ಎಂದು ನೀನು ಕೇಳಿದ್ದೆ. ಎಂಟು ದಿನ ಪೆನ್ನು ಹಿಡಿದು ಕುಳಿತರೂ ಆ ಎರಡು ಶಬ್ದ ಬರೆಯಲು ಆಗಲಿಲ್ಲ. ಆದರೆ ನೀನು ಜೈತುನ್‌ಳನ್ನು ಸಾಲಿಗೆ ಕಳಿಸುತ್ತೇನೆ ಎಂದು ಬರೆದಿದ್ದೆ. ಅದಕ್ಕಾಗಿ ಆ ಕಾರ್ಡು. ಬರೆದದ್ದು ಹುಕುಮಿನಂತೆ ಕಂಡರೆ, ಅಷ್ಟನ್ನೇ ಬರೆಯುವ ಶಕ್ತಿ ನನ್ನಲ್ಲಿತ್ತು ಎಂದು ತಿಳಿ.

ನಮ್ಮ ಮನೆಯಲ್ಲಿ ಯಾರೂ ಏನೂ ಅಂದಿಲ್ಲ. ನಿನ್ನ ಕುಲ ಕೇಳುವಷ್ಟು ಎಚ್ಚರ ಈ ಮನೆಯಲ್ಲಿ ಯಾರಿಗೂ ಉಳಿದಿಲ್ಲ.

ಈಗ ಹೇಳುವುದನ್ನು ನಾನು ಯಾರಿಗೂ ಹೇಳಿಲ್ಲ. ನನ್ನ ಗಂಡನಿಗೂ ಹೇಳಿಲ್ಲ. ಇದನ್ನು ಓದಿ ಒಲೆಗೆ ಹಾಕು.

ನೀಲಾ ಒಂಬತ್ತು ದಿನ ಮಲಗಿದ್ದಳು. ನೀನು ಹೇಳಿದ ಹಾಗೆ ಶಾಂತ ಹುಡುಗಿ. ಹೊರಗೆ ಹುಡುಗಿಯರು ಆಡುವ ಸಪ್ಪಳ ಕೇಳಿ, "ಅವ್ವಾ, ಇನ್ನ ಎಷ್ಟು ದಿನ?" ಎಂದು ಕೇಳುತ್ತಿದ್ದಳೇ ಹೊರತು ಎದ್ದವಳಲ್ಲ. ಗುರುವಾರ ಬೆಳಿಗ್ಗೆ ಅತ್ತೆ ನೀರಿಗೆ ಹೋಗಿದ್ದರು. ಇವರು ಹೊಲಕ್ಕೆ ಹೋಗಿದ್ದರು. ಗಂಗಿ ಮಲಗಿತ್ತು. ನಾನು ರೊಟ್ಟಿ ಬಡಿಯುತ್ತಿದ್ದೆ. ಆಗ ಕರು ಕಣ್ಣಿ ಬಿಚ್ಚಿಕೊಂಡು ಆಕಳ ಕೆಚ್ಚಲಿಗೆ ಬಾಯಿ ಹಾಕಿತು. ನೀಲಾಗೆ ಹಾಲು ಕೊಡಿರಿ ಎಂದು ಡಾಕ್ಟರು ಹೇಳಿದ್ದರಲ್ಲ, ಅವಳ ಹಾಲು ಹೋಯಿತಲ್ಲ ಎಂದು ನನಗೆ ಅನ್ನಿಸಿತು. ನನ್ನ ಎರಡೂ ಕೈ ಹಿಟ್ಟು, ಹಂಚಿನ ಮೇಲೆ ರೊಟ್ಟಿ. ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ.

"ನೀಲಾ, ಕರಾ ಬಿಚ್ಚೈತಿ ನೋಡಬೇ. ಓಡು, ಕಟ್ಟಿ ಬಾ."

ಅವಳು ಜಿಗಿದು ಎದ್ದಳು, ಶಹನಾಜ. ಒಂಬತ್ತು ದಿನದ ಮೇಲೆ ಯಾರೋ ಏಳು ಅಂದರಲ್ಲ ಎಂಬ ಖುಷಿ. ಕರುವನ್ನು ಎಳೆದು ಗೂಟಕ್ಕೆ ಕಟ್ಟಿ, ನಗುತ್ತ ಬಂದು ಅಡುಗೆ ಮನೆಯ ಹೊಸ್ತಿಲ ಮೇಲೆ ಕುಳಿತಳು. "ಕಟ್ಟಿದೆ ನೋಡವ್ವಾ" ಎಂದಳು. ಮುಖ ಬೆಳ್ಳಗಾಗಿತ್ತು. "ಎದ್ಯಾಗ ಗುಬ್ಬಿ ಹಾರಿದಂಗ ಆಗಾಕತ್ತೈತಿ" ಎಂದಳು. ರೊಟ್ಟಿ ಹೊತ್ತುತ್ತಿತ್ತು. ಹೊರಳಿಸಿ ತಿರುಗಿ ನೋಡಿದೆ. ಅವಳ ತಲೆ ಬಾಗಿಲಿನ ಚೌಕಟ್ಟಿಗೆ ಒರಗಿತ್ತು. ಒಂದು ರೊಟ್ಟಿ ಹೊರಳಿಸುವಷ್ಟು ಹೊತ್ತು, ಅಷ್ಟೇ.

ಜನ ಕೂಡಿದರು. ಅತ್ತೆ ಕೊಡ ಎಸೆದು ಓಡಿಬಂದು, "ಯಾಕ ಎದ್ದಳು? ಯಾರು ಏಳಂದ್ರು?" ಎಂದು ಕೂಗಿದರು. ಯಾರೋ ಹೆಂಗಸು, "ಹುಡುಗರು ಎಲ್ಲಿ ಮಾತು ಕೇಳತಾವ ಬಿಡ್ರಿ" ಎಂದಳು. ಎಲ್ಲರೂ ನನ್ನ ಮುಖ ನೋಡಿದರು. ನಾನು ಹೂಂ ಅಂದೆ.

ಆ ಹೂಂ ಈಗ ಊರ ತುಂಬ ಹರಡಿದೆ. ನೀಲಾ ಮಾತು ಕೇಳಲಿಲ್ಲ, ಅದಕ್ಕೇ ಹೋದಳು ಎನ್ನುತ್ತಾರೆ. ಅವಳ ಅಪ್ಪನೂ ಒಮ್ಮೆ ಹಾಗೇ ಅಂದರು. ಹುಟ್ಟಿದಾಗಿನಿಂದ ಎದುರು ಮಾತಾಡದ ಮಗು. ನಾನು ಬದುಕಿಕೊಳ್ಳಲೆಂದು ಸತ್ತವಳ ಮೇಲೆ ತಪ್ಪು ಹೊರಿಸಿದ್ದೇನೆ.

ನನ್ನನ್ನು ಸಮಾಧಾನ ಮಾಡು ಎಂದು ಇದನ್ನೆಲ್ಲ ಬರೆದಿಲ್ಲ. ಜೈತುನ್‌ಗೆ ಬೇನೆ ಬಲವಾಗಿತ್ತು, ನೀಲಾಳದು ಹಗುರವಾಗಿತ್ತು. ಹಗುರವೇ ಹೀಗಾದರೆ ನಿನ್ನವಳ ಗುಂಡಿಗೆಯಲ್ಲಿ ಎಷ್ಟು ವಿಷ ಕೂತಿದೆಯೋ. ಈ ಪತ್ರ ಓದಿದ ಕೂಡಲೇ ಅವಳು ಎಲ್ಲಿದ್ದರೂ ಎತ್ತಿಕೊಂಡು ಬಂದು ಮಲಗಿಸು. ನಡೆಸಿಕೊಂಡು ಬರಬೇಡ.

ಪೋಸ್ಟನ್ನು ನಂಬುವ ಹಾಗಿಲ್ಲ. ಇವರು ನಾಳೆ ಹುಬ್ಬಳ್ಳಿಗೆ ಹೋಗುತ್ತಾರೆ. ನಿಮ್ಮೂರ ಮೇಲೆ ಹೋಗುವ ನವಲಗುಂದ ಬಸ್ಸಿನ ಕಂಡಕ್ಟರರ ಕೈಯಲ್ಲಿ ಕೊಟ್ಟು ಕಳಿಸಲು ಹೇಳಿದ್ದೇನೆ. ಲಕೋಟೆ ಅಂಟಿಸಿದ್ದೇನೆ. ಇವರು ಓದುವವರಲ್ಲ.

ಚೀಟಿ ಓದಿದೆ. ಜೈತುನ್‌ಗೆ ಏನು ಹೇಳುತ್ತೀಯೋ ನೀನೇ ನೋಡು.

ಮಲ್ಲಕ್ಕ


ಯಮನೂರು
24-12-1983

ಅಕ್ಕಾ,

ಪತ್ರ ಗುರುವಾರ ಮಧ್ಯಾಹ್ನ ಮುಟ್ಟಿತು. ಕಂಡಕ್ಟರು ಬಸ್ಸು ನಿಲ್ಲಿಸಿ ಇಳಿದು ಬಂದು ಕೊಟ್ಟರು. ಮೊದಲ ಸಾಲು ಓದಿದ ಮೇಲೆ ನಾನು ಸಾಲಿಯ ತನಕ ಹೇಗೆ ಹೋದೆನೋ ಗೊತ್ತಿಲ್ಲ. ಸೆರಗು ದಾರಿಯಲ್ಲೇ ಬಿದ್ದಿತ್ತಂತೆ. ಅವಳನ್ನು ಎತ್ತಿಕೊಂಡು ಬಂದು ಮಲಗಿಸಿದೆ. ಸಂಜೆ ಇವರು ಮೊರಬದಿಂದ ಟ್ರ್ಯಾಕ್ಟರ್ ತಂದರು. ಅದರಲ್ಲಿ ಹುಲ್ಲು ಹಾಸಿ, ಅವಳನ್ನು ಮಲಗಿಸಿಕೊಂಡೇ ನವಲಗುಂದಕ್ಕೆ ಒಯ್ದೆವು. ಡಾಕ್ಟರು ಬಹಳ ಹೊತ್ತು ಎದೆಗೆ ಕೊಳವೆ ಇಟ್ಟು ಕೇಳಿದರು. "ಬಡತಾ ತಪ್ಪಾಕತ್ತೈತಿ. ಇಷ್ಟು ದಿನ ಹೆಂಗ ತಿರಗ್ಯಾಡಿದ್ಲು ಈಕಿ?" ಎಂದರು.

ನಿನಗೆ ಸುಳ್ಳು ಬರೆದಿದ್ದೆ. ಎಲ್ಲ ಆರಾಮ ಇರಲಿಲ್ಲ. ಹತ್ತು ದಿನದಿಂದ ಅವಳು ಕುಡಿದ ನೀರು ಮೂಗಿನಿಂದ ಬರುತ್ತಿತ್ತು. ಮಾತೂ ಮೂಗಿನಲ್ಲೇ ಬರುತ್ತಿತ್ತು. ಸಿಟ್ಟಿನಿಂದ ನಿನಗೆ ಬರೆಯಲಿಲ್ಲ. ಅದೂ ಈ ಬೇನೆಯದೇ ಗುಣವಂತೆ.

ನೀಲಾಳ ಬಗ್ಗೆ ಈಗ ಬರೆಯಲಾರೆ. ನನ್ನ ಹಿಂದಿನ ಪತ್ರವನ್ನು ಹರಿದು ಹಾಕು ಅಕ್ಕಾ. ಅದನ್ನು ಬರೆದ ಕೈ ನನ್ನದೇ ಎಂದು ನಂಬಲು ಆಗುತ್ತಿಲ್ಲ. ಜೈತುನ್ ಕರೆಯುತ್ತಿದ್ದಾಳೆ.

ಶಹನಾಜ


ಯರಗುಪ್ಪಿ
9-1-1984

ಶಹನಾಜ,

ಹದಿನೈದು ದಿನವಾಯಿತು. ಬಡಿತ ತಪ್ಪುತ್ತಿದೆ ಎಂದು ಬರೆದವಳು ಆಮೇಲೆ ಏನೂ ಬರೆದಿಲ್ಲ. ದಿನಾಲೂ ಟಪಾಲಿನ ಹೊತ್ತಿಗೆ ಬಾಗಿಲಲ್ಲಿ ನಿಲ್ಲುತ್ತೇನೆ. ಟಪಾಲಿನವರು ಮುಂದೆ ಹೋದ ಮೇಲೆ ಒಳಗೆ ಬರುತ್ತೇನೆ. ಬರೆಯಲು ಆಗದಿದ್ದರೆ ಬರೆಯಬೇಡ. ಜೈತುನ್ ಇದ್ದರೆ ಒಂದು ಕಾರ್ಡಿನ ಮೇಲೆ ಅವಳ ಹೆಸರು ಬರೆದು ಹಾಕು. ಇಲ್ಲದಿದ್ದರೆ ಖಾಲಿ ಕಾರ್ಡು ಹಾಕು. ನನಗೆ ತಿಳಿಯುತ್ತದೆ.

ನಮ್ಮೂರಲ್ಲಿ ಗಂಟಲಮಾರಿ ಹೋಗಿಲ್ಲ. ನೀಲಾಳ ನಂತರ ಎರಡು ಮಕ್ಕಳು ಹೋದವು. ಒಂದು ನಮ್ಮ ಓಣಿಯದು, ಇನ್ನೊಂದು ಹೊಲಗಳ ಕಡೆ ಇರುವವರದು. ಕುಂದಗೋಳದಿಂದ ನರ್ಸಬಾಯಿ ಮೈಲಾರವ್ವ ಸೂಜಿ ಪೆಟ್ಟಿಗೆ ಹಿಡಿದು ಬಂದಿದ್ದರು. ಮನೆ ಮನೆಗೆ ಹೋದರೂ ಬಾಗಿಲು ತೆಗೆದವರು ನಾಲ್ಕೇ ಮಂದಿ. ಊರ ಹಿರಿಯರಾದ ಕುಬೇರಪ್ಪನವರು ನಮ್ಮವರ ಹೆಸರು ಹಿಡಿದು, "ಈರಪ್ಪನ ಮಗಳಿಗೆ ದವಾಖಾನ್ಯಾಗ ಮೈತುಂಬ ಸೂಜಿ ಚುಚ್ಚಿದ್ರು. ಮನಿಗೆ ಬಂದು ಒಂಬತ್ತು ದಿನಕ್ಕ ಎದಿ ಒಡದು ಸತ್ತಳು" ಎಂದು ಕಟ್ಟೆಯ ಮೇಲೆ ಹೇಳಿದರಂತೆ. ಮೈಲಾರವ್ವ ನಮ್ಮ ಮನೆಗೂ ಬಂದರು. ಅತ್ತೆ ಗಂಗಿಯನ್ನು ಮಡಿಲಲ್ಲಿ ಮುಚ್ಚಿಕೊಂಡು, "ಒಂದನ್ನ ಕೊಟ್ಟೀವಿ, ಇದನ್ನ ಮುಟ್ಟಬ್ಯಾಡ್ರಿ" ಎಂದರು. ನಾನು ಅಲ್ಲೇ ನಿಂತಿದ್ದೆ. ನೀಲಾಳನ್ನು ಕೊಂದದ್ದು ಸೂಜಿ ಅಲ್ಲ ಎಂದು ಗೊತ್ತಿದ್ದವಳು ಆ ಮನೆಯಲ್ಲಿ ನಾನೊಬ್ಬಳೇ. ಬಾಯಿ ತೆರೆಯಲಿಲ್ಲ.

ಎಳ್ಳಮಾಸಿಗೆ ಭೂಮಿತಾಯಿಗೆ ಎಡೆ ಮಾಡಿ ಚರಗ ಚೆಲ್ಲಲು ಹೊಲಕ್ಕೆ ಹೋಗಿದ್ದೆವು. ಹೋದ ವರ್ಷ ನೀಲಾ ಬುಟ್ಟಿ ಹಿಡಿದು ಅಪ್ಪನ ಹಿಂದೆ ಹೋಗಿದ್ದಳು. ಅತ್ತೆ ಬಂಧುಗಳ ನಡುವೆ ಕುಳಿತು ಅಳುತ್ತ, "ಹಾಸಿಗಿ ಬಿಟ್ಟು ಏಳಬ್ಯಾಡ ಅಂದ್ರ ಕೇಳಲಿಲ್ಲ ನನ ಬಂಗಾರ" ಎಂದರು. ಎಲ್ಲರೂ ಅಯ್ಯೋ ಎಂದರು. ನಾನು ಬಡಿಸುತ್ತಿದ್ದೆ. ಬಡಿಸುತ್ತಲೇ ಇದ್ದೆ.

ಮಲ್ಲಕ್ಕ


ಯಮನೂರು
17-1-1984

ಅಕ್ಕಾ,

ಜೈತುನ್ ಇದ್ದಾಳೆ.

ಇದನ್ನು ಮೊದಲೇ ಬರೆಯಬೇಕಿತ್ತು. ಡಿಸೆಂಬರ್ ಇಪ್ಪತ್ತೇಳಕ್ಕೆ ಅವಳ ಕಾಲು ಸೋತವು. ಎತ್ತಿ ನಿಲ್ಲಿಸಿದರೆ ಬಟ್ಟೆಯಂತೆ ಕುಸಿಯುತ್ತಿದ್ದಳು. ಎದೆ ಒಮ್ಮೊಮ್ಮೆ ಓಡುತ್ತಿತ್ತು, ಒಮ್ಮೊಮ್ಮೆ ನಿಂತೇ ಹೋಯಿತೇನೋ ಎನ್ನುವಂತಿತ್ತು. ಅವಳ ಎದೆಯ ಮೇಲೆ ಅಂಗೈ ಇಟ್ಟುಕೊಂಡೇ ಇರುತ್ತಿದ್ದೆ. ನಾನು ಎದ್ದರೆ ಅತ್ತೆ ಇಡುತ್ತಿದ್ದರು. ಹನ್ನೆರಡು ದಿನ ಹೀಗೆ ಕಳೆದೆವು. ಈಗ ಬಡಿತ ಸರಿಯಾಗಿದೆ ಎಂದು ಡಾಕ್ಟರು ಹೇಳಿದ್ದಾರೆ. ಕಾಲು ನಿಧಾನವಾಗಿ ಬರುತ್ತವಂತೆ. ನೀರು ಮೂಗಿನಿಂದ ಬರುವುದು ನಿಂತಿದೆ.

ಎಂಟನೇ ತಾರೀಖಿನಿಂದಲೇ ನಿನಗೆ ಬರೆಯಬಹುದಿತ್ತು. ಬರೆಯಲು ಕೂತರೆ, ನನ್ನವಳು ಉಳಿದಳು ಎಂದು ನಿನಗೆ ಯಾವ ಬಾಯಿಂದ ಹೇಳಲಿ ಎಂದು ಕೈ ನಿಲ್ಲುತ್ತಿತ್ತು. ನಿನ್ನ ಮಗಳ ಸಾವಿನ ಸುದ್ದಿಯಿಂದ ನನ್ನ ಮಗಳು ಉಳಿದಳು. ನೀನು ಬಾಗಿಲಲ್ಲಿ ಕಾಯುತ್ತಿರುವುದು ಗೊತ್ತಿದ್ದೂ ಸುಮ್ಮನಿದ್ದೆ. ಖಾಲಿ ಕಾರ್ಡು ಹಾಕು ಎಂದು ಬರೆದೆಯಲ್ಲ, ಅದನ್ನು ಓದಿ ನಾಚಿಕೆಯಾಯಿತು.

ಜೈತುನ್‌ಗೆ ಹೇಳಿದೆ. "ಹಂಗಾರ ಆಕಿ ಕಾಗದ ಬರಿಯೂದಿಲ್ಲೇನು?" ಎಂದಳು. ಇಲ್ಲ ಎಂದೆ. ಗೋಡೆಯ ಕಡೆ ತಿರುಗಿ ಮಲಗಿದಳು. ಮರುದಿನ ಅಜ್ಜಿಗೆ, "ನಾ ಏಳೂದಿಲ್ಲ, ಯಾರು ಅಂದ್ರೂ ಏಳೂದಿಲ್ಲ" ಎಂದಳಂತೆ. ಎಂಟು ವರ್ಷದ ಹುಡುಗಿ.

ನಿನ್ನ ಪತ್ರವನ್ನು ಒಲೆಗೆ ಹಾಕಿದೆ. ಆದರೆ ಅದರಲ್ಲಿದ್ದದ್ದು ಮನಸ್ಸಿನಿಂದ ಹೋಗಿಲ್ಲ. ಸಮಾಧಾನ ಮಾಡಬೇಡ ಎಂದಿದ್ದೀ, ಮಾಡುವುದಿಲ್ಲ. ನಡೆದದ್ದನ್ನು ಹೇಳುತ್ತೇನೆ. ನಿನ್ನ ಪತ್ರ ಬಂದ ಗುರುವಾರ ಬೆಳಿಗ್ಗೆ, ಸಾಲಿಗೆ ಹೋಗುವ ಮೊದಲು, ನಾನು ಜೈತುನ್‌ಳನ್ನು ಕೆರೆಗೆ ಕಳಿಸಿದ್ದೆ. ನಾನು ಹೋದರೆ ಹೆಂಗಸರು ದೂರ ಸರಿದು ನಿಲ್ಲುತ್ತಾರೆ, ಆ ಅವಮಾನ ನನಗೆ ಬೇಡವಾಗಿತ್ತು. ಸಣ್ಣ ಕೊಡ ಕೊಟ್ಟು ಕಳಿಸಿದೆ. ತುಂಬಿದ ಕೊಡ ಸೊಂಟದ ಮೇಲೆ ಇಟ್ಟುಕೊಂಡು, ಲಂಗ ತೋಯಿಸಿಕೊಂಡು ಬಂದಳು. ನಿನ್ನವಳು ಕರುವಿನ ಹಿಂದೆ ಹತ್ತು ಹೆಜ್ಜೆ ಓಡಿದಳು, ಹೋದಳು. ನನ್ನವಳು ಕೆರೆಯ ತನಕ ಹೋಗಿ ನೀರು ಹೊತ್ತು ಬಂದಳು, ಉಳಿದಳು. ನಿನಗೂ ನನಗೂ ಇರುವ ವ್ಯತ್ಯಾಸ ಇಷ್ಟೇ ಅಕ್ಕಾ. ನೀನು ಹಾಲಿಗಾಗಿ ಎಬ್ಬಿಸಿದೆ. ನಾನು ನನ್ನ ಮರ್ಯಾದೆಗಾಗಿ ಎಬ್ಬಿಸಿದೆ.

ಒಂದು ಮಾತು ಹೇಳುತ್ತೇನೆ, ಬೈದುಕೋ. ಮನೆಯಲ್ಲಿ ಹೇಳಿಬಿಡು. ನಿನ್ನ ಮನಸ್ಸು ಹಗುರಾಗಲಿ ಎಂದು ಹೇಳುತ್ತಿಲ್ಲ, ಆಗದೆಯೂ ಇರಬಹುದು. ಆದರೆ ನೀಲಾ ಆ ಮನೆಯಲ್ಲಿ ದಿನಾಲೂ ಮಾತು ಕೇಳದ ಹುಡುಗಿ ಆಗುತ್ತಿದ್ದಾಳೆ. ಈಗ ಊರಿನ ಮಕ್ಕಳ ಬಾಗಿಲು ಮುಚ್ಚಲು ಅವಳ ಹೆಸರನ್ನೇ ಅಗಳಿ ಮಾಡಿದ್ದಾರೆ. ಆ ಮಗುವಿಗೆ ಎದ್ದು ಬಂದು ಹೇಳಲು ಬರುವುದಿಲ್ಲ.

ಗಂಗಿಗೆ ಸೂಜಿ ಹಾಕಿಸು.

ನಿನ್ನ ತಂಗಿ
ಶಹನಾಜ


ಯರಗುಪ್ಪಿ
12-2-1984

ಶಹನಾಜ,

ನಿನ್ನ ಪತ್ರ ಬಂದ ದಿನ ಸಿಟ್ಟಿಗೆದ್ದೆ. ನಿನ್ನ ಮಗಳು ಉಳಿದಳು, ನಿನಗೆ ಹೇಳುವುದು ಸುಲಭ ಎಂದುಕೊಂಡೆ. ಮೂರು ಸಲ ಓದಿ ಟ್ರಂಕಿನಲ್ಲಿ ಬಟ್ಟೆಗಳ ಕೆಳಗೆ ಇಟ್ಟೆ.

ಜನವರಿ ಕೊನೆಗೆ ಕುರುಬರ ಮಾಳಪ್ಪನ ಮಗ ಹೋದ. ಬೇನೆ ಹತ್ತಿದ ಮೂರನೇ ದಿನವೇ ಹೋದ. ಹುಬ್ಬಳ್ಳಿ ಮುಟ್ಟಲಿಲ್ಲ. ಅವರ ಮನೆಯಲ್ಲಿ ಅಳುವ ದನಿ ನಮ್ಮ ಅಂಗಳಕ್ಕೆ ಕೇಳುತ್ತಿತ್ತು. ಮೈಲಾರವ್ವ ಬಂದಾಗ ಬಾಗಿಲು ಮುಚ್ಚಿದವರಲ್ಲಿ ಮಾಳಪ್ಪನೂ ಒಬ್ಬ.

ಹೋದ ಮಂಗಳವಾರ ಮೈಲಾರವ್ವ ಮತ್ತೆ ಬಂದು ಸಾಲಿಯ ಪಡಸಾಲೆಯಲ್ಲಿ ಮೇಜು ಹಾಕಿಕೊಂಡು ಕುಳಿತರು. ಡಂಗುರ ಸಾರಿಸಿದ್ದಕ್ಕೆ ಜನ ಕೂಡಿದ್ದರು, ಆದರೆ ದೂರ ನಿಂತು ನೋಡುತ್ತಿದ್ದರು. ಕುಬೇರಪ್ಪನವರು ಕೆಟ್ಟವರಲ್ಲ, ಅವರಿಗೂ ಮೊಮ್ಮಕ್ಕಳಿದ್ದಾರೆ. "ಬಾಯಾರ, ಸೂಜಿ ಮಾಡಿಸಿಕೊಂಡ ಈರಪ್ಪನ ಮಗಳು ಉಳದ್ಲೇನ್ರಿ? ಅದನ್ನ ಹೇಳ್ರಿ ಮೊದಲ" ಎಂದರು. ಮೈಲಾರವ್ವ ಏನೋ ಹೇಳಲು ಹೋದರು, ಗದ್ದಲದಲ್ಲಿ ಕೇಳಲಿಲ್ಲ.

ನಾನು ಅತ್ತೆಯ ಕಣ್ಣು ತಪ್ಪಿಸಿ ಗಂಗಿಯನ್ನು ಎತ್ತಿಕೊಂಡು ಬಂದಿದ್ದೆ. ಸುಮ್ಮನೆ ಸೂಜಿ ಹಾಕಿಸಿ ಹೋಗಬೇಕೆಂದಿದ್ದೆ. ಅಲ್ಲಿ ಹೇಳುವುದು ನನ್ನ ಮನಸ್ಸಿನಲ್ಲಿ ಇರಲೇ ಇಲ್ಲ. ಆದರೆ ಕುಬೇರಪ್ಪನವರು ನೀಲಾಳ ಹೆಸರು ತೆಗೆದಾಗ ನನ್ನ ಬಾಯಿ ತಾನೇ ತೆರೆಯಿತು.

"ಸೂಜಿಯಿಂದ ಸತ್ತಿಲ್ರಿ ಆಕಿ. ಆ ಸೂಜಿಯಿಂದ ಗಂಟಲ ಬ್ಯಾನಿ ಬಿಟ್ಟು ಮನಿಗೆ ಬಂದಿದ್ಲು. ಡಾಕ್ಟರು ಏಳಸಬ್ಯಾಡ್ರಿ ಅಂದಿದ್ರು. ನಾ ಎಬ್ಬಿಸಿದೆ. ಕರಾ ಬಿಚ್ಚಿತ್ತು, ಓಡು ಅಂದೆ, ಓಡಿದ್ಲು. ಆಕಿ ಮಾತು ಕೇಳಲಿಲ್ಲಂತ ನೀವೆಲ್ಲ ಅಂತೀರಿ. ಆಕಿ ನನ್ನ ಮಾತು ಕೇಳೇ ಸತ್ತಳ್ರೀ."

ಗುಂಪಿನಲ್ಲಿ ನನ್ನ ಗಂಡ ಇದ್ದದ್ದು ಆಗ ಕಂಡಿತು. ಅವರು ನನ್ನನ್ನೇ ನೋಡುತ್ತಿದ್ದರು. ಆಮೇಲೆ ತಿರುಗಿ ಹೊಲದ ದಾರಿ ಹಿಡಿದರು. ನಾನು ಗಂಗಿಯ ತೋಳು ಹಿಡಿದು ಮೈಲಾರವ್ವನ ಮುಂದೆ ಚಾಚಿದೆ. ಗಂಗಿ ಚೀರಿತು. ಬಹಳ ಹೊತ್ತು ಯಾರೂ ಮುಂದೆ ಬರಲಿಲ್ಲ. ಆಮೇಲೆ ಮಾಳಪ್ಪ, ಮಗನನ್ನು ಕಳೆದುಕೊಂಡು ಇನ್ನೂ ಹತ್ತು ದಿನವಾಗಿರದವನು, ಉಳಿದ ಮಗಳನ್ನು ಹೆಗಲ ಮೇಲೆ ಹೊತ್ತು ಬಂದ. ಅವನ ಹಿಂದೆ ಒಬ್ಬೊಬ್ಬರೇ ಬಂದರು. ಕುಬೇರಪ್ಪನವರ ಮೊಮ್ಮಕ್ಕಳು ಮರುದಿನ ಬಂದರು.

ಇವರು ನಾಲ್ಕು ದಿನ ಹೊಲದ ಗುಡಿಸಲಲ್ಲೇ ಉಳಿದರು. ಬುತ್ತಿ ಕಳಿಸಿದರೆ ಉಣ್ಣುತ್ತಿದ್ದರು. ನಿನ್ನೆ ಮನೆಗೆ ಬಂದಿದ್ದಾರೆ. ಗಂಗಿಯನ್ನು ಎತ್ತಿಕೊಳ್ಳುತ್ತಾರೆ. ನನ್ನ ಮುಖ ಇನ್ನೂ ನೋಡಿಲ್ಲ. ಮುಂದೆ ನೋಡುತ್ತಾರೋ ಇಲ್ಲವೋ ತಿಳಿಯದು, ಕೇಳುವ ಧೈರ್ಯ ನನಗಿಲ್ಲ. ನೀನು ಹೇಳಿದ ಹಾಗೆ ಮನಸ್ಸೇನೂ ಹಗುರಾಗಿಲ್ಲ. ರೊಟ್ಟಿ ಬಡಿಯಲು ಕುಳಿತರೆ ಈಗಲೂ ಹೊಸ್ತಿಲ ಕಡೆ ನೋಡುತ್ತೇನೆ.

ಅತ್ತೆ ಬೈಯಲೂ ಇಲ್ಲ, ಅಳಲೂ ಇಲ್ಲ. ನಾನು ಇದ್ದಲ್ಲಿಂದ ಎದ್ದು ಹೋಗುತ್ತಿದ್ದರು. ಒಲೆಯ ಮುಂದೆ ನಾನಿದ್ದರೆ ಹಿತ್ತಲಿಗೆ, ಹಿತ್ತಲಲ್ಲಿದ್ದರೆ ಪಡಸಾಲೆಗೆ. ಮಂಗಳವಾರದಿಂದ ನಿನ್ನೆಯವರೆಗೆ ಒಂದು ಮಾತೂ ಆಡಿರಲಿಲ್ಲ.

ನಿನ್ನೆ ಮಧ್ಯಾಹ್ನ ಅವರ ತವರಿನ ಕಡೆಯಿಂದ ಮೂವರು ಹೆಂಗಸರು ಮಾತಾಡಿಸಿ ಹೋಗಲು ಬಂದಿದ್ದರು. ಊರಲ್ಲಿ ನಡೆದದ್ದು ಅವರಿಗೆ ಗೊತ್ತಿರಲಿಲ್ಲ. ನಾನು ಒಳಗೆ ಕಾಳು ಹಸನು ಮಾಡುತ್ತಿದ್ದೆ. ಅವರಲ್ಲಿ ಹಿರಿಯಳೊಬ್ಬಳು ಅತ್ತೆಗೆ, "ಪಾಪ, ಹುಡುಗಿ ಒಂದೀಟು ಹೇಳಿದ ಮಾತು ಕೇಳಿದ್ದರ ಉಳೀತಿತ್ತವಾ ರೇವವ್ವ" ಎಂದಳು.

ನನ್ನ ಕೈ ಮೊರದಲ್ಲೇ ನಿಂತಿತು.

"ಹಂಗ ಅನಬ್ಯಾಡ್ರಿ" ಎಂದರು ಅತ್ತೆ. "ನಮ್ಮ ನೀಲಾ ಎಂದೂ ಮಾತು ಮೀರಿದಾಕಿ ಅಲ್ಲ. ಅವರವ್ವ ಏಳು ಅಂದ್ಲು, ಎದ್ದಳು."

ಆಮೇಲೆ ಒಳಗಿನ ಕಡೆ ಮುಖ ಮಾಡಿ ಕರೆದರು.

"ಮಲ್ಲಕ್ಕ, ಬಿಸಲಾಗ ಬಂದಾರ. ಕುಡಿಯಾಕ ನೀರು ತಗೊಂಡು ಬಾ."

ನಾನು ನೀರು ಒಯ್ದು ಕೊಟ್ಟೆ.

ಮಲ್ಲಕ್ಕ